ಆಫ್‌ರೋಡ್‌ಗೆ ಫೋರ್ ಬೈ ಫೋರ್ ಸಜ್ಜು ಮಾಡುವಾಗ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ

ಫೋರ್ ಬೈ ಫೋರ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ, ಕೊಂಡ ಮರುದಿನದಿಂದಲೇ ಸಾಮಾನಿನ ಪಟ್ಟಿ ಬೆಳೆಯಲು ಶುರುವಾಗುತ್ತದೆ. ದೊಡ್ಡ ಟೈರ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಹಗ್ಗ ಸುತ್ತಿ ಎಳೆಯುವ ವಿಂಚ್, ಎಂಜಿನ್ನಿಗೆ ಮೇಲಿಂದ ಗಾಳಿ ತರುವ ಸ್ನಾರ್ಕೆಲ್, ಎರಡು ಚಕ್ರ ಒಟ್ಟಿಗೆ ತಿರುಗಿಸುವ ಲಾಕರ್, ಮೇಲೊಂದು ರ‍್ಯಾಕ್, ಅದರ ಮುಂದೊಂದಿಷ್ಟು ದೀಪ. ಒಂದೊಂದರಲ್ಲೂ ಮೂರ್ನಾಲ್ಕು ಬಗೆ. ಎಲ್ಲವನ್ನೂ ಹಾಕಿಸಿದ ಗಾಡಿ ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ಆದರೆ ಹೇರಿದ ತೂಕ, ಏರಿದ ಎತ್ತರ ಎರಡೂ ಸೇರಿ ಅದೇ ಗಾಡಿ ಅಡ್ಡ ಇಳಿಜಾರಿನಲ್ಲಿ ಮೊದಲಿಗಿಂತ ಬೇಗ ಮಗುಚಬಹುದು.

ಎರಡು ಸಾಮಾನುಗಳ ನಡುವೆ ಯಾವುದು ಅಂತ ತೋಚದಿದ್ದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಕೈಕೊಟ್ಟರೆ ಏನಾಗುತ್ತದೆ? ಟೈರಿನ ಹಿಡಿತ ತಪ್ಪಿದರೆ ಗಾಡಿ ಹೂತುಹೋಗುತ್ತದೆ, ಒಂದು ಗಂಟೆ ಹಾಳು. ಎಳೆಯುವ ಕೊಂಡಿ ಕಿತ್ತು ಬಂದರೆ ಒಂದು ಜೀವವೇ ಹೋಗಬಹುದು. ಹಾಗಾಗಿ ಯಾವುದು ಜಾಸ್ತಿ ಬಲ ಕೊಡುತ್ತದೆ ಅನ್ನುವುದಕ್ಕಿಂತ, ಯಾವುದು ಕೆಟ್ಟಾಗ ಕಡಿಮೆ ಹಾನಿ ಮಾಡುತ್ತದೆ ಅನ್ನುವುದನ್ನು ಹಿಡಿದು ಹೋಲಿಸಿದರೆ ಗೊಂದಲ ಬೇಗ ಕರಗುತ್ತದೆ. ಈ ಬರಹದುದ್ದಕ್ಕೂ ಅದೇ ಅಳತೆ.

ಮೊದಲು ಇರುವ ಗಾಡಿಯನ್ನು ತಿಳಿದುಕೊಳ್ಳಿ

ಏನನ್ನೂ ಕೊಳ್ಳುವ ಮೊದಲು ಗಾಡಿಯ ಕೈಪಿಡಿ ತೆಗೆದು ಎರಡು ವಿಷಯ ನೋಡಿ.

ಒಂದು, ನಿಮ್ಮದು ಬೇಕೆಂದಾಗ ಮಾತ್ರ ನಾಲ್ಕೂ ಚಕ್ರ ಓಡಿಸುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವಾ, ಸದಾ ಓಡಿಸುವ ಫುಲ್ ಟೈಮಾ? ಪಾರ್ಟ್ ಟೈಮ್ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳಬೇಕು, ಆದರೆ ಗೇರು ಬಿಡುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಬಿಗಿತ ಪೂರ್ತಿ ಗೇರು ಮತ್ತು ಶಾಫ್ಟ್‌ಗಳ ಮೇಲೆ ಬೀಳುತ್ತದೆ. ಅದಕ್ಕೇ ಪಾರ್ಟ್ ಟೈಮ್ ಗಾಡಿಯನ್ನು ಡಾಂಬರಿಗೆ ಬಂದ ಕೂಡಲೇ ಟೂ ವೀಲ್‌ಗೆ ಹಾಕಬೇಕು. ಫುಲ್ ಟೈಮ್ ಗಾಡಿಯಲ್ಲಿ ನಡುವೆ ಡಿಫರೆನ್ಷಿಯಲ್ ಇರುವುದರಿಂದ ಈ ತೊಂದರೆ ಇಲ್ಲ, ಕಷ್ಟದ ಜಾಗದಲ್ಲಿ ಅದನ್ನು ಲಾಕ್ ಮಾಡಬೇಕು ಅಷ್ಟೇ. ಇನ್ನು ಲೋ ರೇಂಜ್, ಅಂದರೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಇನ್ನೊಂದು ಗೇರಿನ ಸಾಲು. ಅದು ಏರು ಹತ್ತಲು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರ ನಿಜವಾದ ಬೆಲೆ ತಿಳಿಯುವುದು ಕಡಿದಾದ ಇಳಿಜಾರಿನಲ್ಲಿ. ಲೋ ರೇಂಜ್ ಒಂದನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಒತ್ತಿ ಚಕ್ರ ಕಟ್ಟಿ ಜಾರುವ ಅಪಾಯ ಕಡಿಮೆಯಾಗುತ್ತದೆ.

ಎರಡು, ಗಾಡಿ ಒಟ್ಟು ಎಷ್ಟು ತೂಕ ಹೊರಬಹುದು? ಕಂಪನಿ ಕೊಟ್ಟ ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದಿದ್ದರಲ್ಲೇ ಜನ, ನೀರು, ಡೇರೆ, ಹಾಕಿಸುವ ಪ್ರತಿಯೊಂದು ಸಾಮಾನು ಎಲ್ಲಾ ಬರಬೇಕು. ಉಕ್ಕಿನ ಮುಂಬಂಪರ್ ಮತ್ತು ವಿಂಚ್ ಎರಡೇ ಸೇರಿ 80–100 ಕಿಲೋ ಆಗುವುದುಂಟು. 40 ಲೀಟರ್ ನೀರು ಅಂದರೆ 40 ಕಿಲೋ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿದರೆ ಪಟ್ಟಿಯಲ್ಲಿರುವ ಅರ್ಧ ಸಾಮಾನು ತಾನಾಗೇ ಬಿದ್ದುಹೋಗುತ್ತದೆ. ತೂಕ ಮೀರಿದ ಗಾಡಿಯಲ್ಲಿ ಬ್ರೇಕ್ ಹಿಡಿಯಲು ದೂರ ಜಾಸ್ತಿ ಬೇಕು, ಸ್ಪ್ರಿಂಗ್ ಕುಸಿಯುತ್ತದೆ, ಟೈರ್ ಬಿಸಿಯಾಗುತ್ತದೆ.

ಟೈರ್: ಎಚ್‌ಟಿ, ಎಟಿ, ಎಂಟಿ

ಹೆಚ್ಚು ಹೊತ್ತು ಯೋಚಿಸಬೇಕಾದ ಆಯ್ಕೆ ಇದು. ನೆಲಕ್ಕೆ ತಾಗುವುದು ಟೈರ್ ಮಾತ್ರ ಅಲ್ವಾ. ಉಳಿದ ಯಾವ ಸಾಮಾನು ಹಾಕಿಸಿದರೂ ಅದು ಕೆಲಸ ಮಾಡಬೇಕಾದ್ದು ಟೈರಿನ ಮೂಲಕವೇ.

ಎಚ್‌ಟಿ ಅಂದರೆ ಹೆದ್ದಾರಿ ಟೈರ್. ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ಬರುತ್ತದೆ. ಸದ್ದಿಲ್ಲ, ಒದ್ದೆ ಡಾಂಬರಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಇಂಧನ ಕಡಿಮೆ ಕುಡಿಯುತ್ತದೆ. ಒಣ ಮಣ್ಣಿನ ದಾರಿ, ಮರಳಿಗೂ ನಡೆಯುತ್ತದೆ. ಇದರ ದೌರ್ಬಲ್ಯ ಇರುವುದು ಪಕ್ಕದ ಗೋಡೆಯಲ್ಲಿ. ಸೈಡ್‌ವಾಲ್ ತೆಳ್ಳಗಿರುತ್ತದೆ, ಚೂಪು ಕಲ್ಲು ತಾಗಿದರೆ ಸೀಳುತ್ತದೆ. ಸೈಡ್‌ವಾಲ್ ಸೀಳಿದರೆ ಪ್ಲಗ್ ಹಾಕಿ ಹೇಗೋ ದಾರಿಗೆ ಬರಬಹುದೇ ಹೊರತು ಆ ಟೈರ್ ಮತ್ತೆ ಬಳಸುವ ಹಾಗಿಲ್ಲ.

ಎಂಟಿ ಅಂದರೆ ಕೆಸರಿನ ಟೈರ್. ದಪ್ಪ ಗಟ್ಟೆಗಳು, ನಡುವೆ ಅಗಲ ಸಂದು. ಚಕ್ರ ತಿರುಗುವಾಗ ಸಂದಿಗೆ ಹೊಕ್ಕ ಕೆಸರು ಸಿಡಿದು ಹೋಗುತ್ತದೆ, ಮುಂದಿನ ಸುತ್ತಿಗೆ ಸಂದು ಮತ್ತೆ ಖಾಲಿ. ಆಳ ಕೆಸರು, ಬಂಡೆ ದಾರಿಗೆ ಇದರ ಮುಂದೆ ಬೇರೆ ಇಲ್ಲ. ಆದರೆ ಮಳೆಯಲ್ಲಿ ಡಾಂಬರಿನ ಮೇಲೆ ಬ್ರೇಕ್ ಒತ್ತಿದಾಗ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ನಿಲ್ಲುವ ದೂರ ಹೆಚ್ಚಾಗುತ್ತದೆ. ಮರಳಿನಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಇದೇ ಗಟ್ಟೆಗಳು ಗುಂಡಿ ತೋಡಿ ಗಾಡಿಯನ್ನು ಕೆಳಗಿಳಿಸುತ್ತವೆ.

ಎಟಿ, ಅಂದರೆ ಎಲ್ಲ ಬಗೆಯ ದಾರಿಗೂ ಆಗುವ ಆಲ್ ಟೆರೈನ್ ಟೈರ್, ಎರಡರ ನಡುವಿನದು. ನಿಮ್ಮ ಓಡಾಟದ ಬಹುಪಾಲು ಡಾಂಬರಿನ ಮೇಲೆ ಇದ್ದು, ಆಗಾಗ ಕಲ್ಲು ಮಣ್ಣಿನ ದಾರಿಗೆ ಇಳಿಯುವವರಾದರೆ ಎಟಿಯನ್ನೇ ಆರಿಸಿ ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ಎಂಟಿ ಹಾಕಿಸಿಕೊಂಡು ವರ್ಷಪೂರ್ತಿ ಒದ್ದೆ ಹೆದ್ದಾರಿಯಲ್ಲಿ ಓಡುವುದು ವರ್ಷಕ್ಕೆ ಎರಡು ದಿನದ ಕೆಸರಿಗಾಗಿ ದಿನವೂ ಅಪಾಯ ಹೊತ್ತುಕೊಂಡಂತೆ. ಹಿಮ ಬೀಳುವ ಕಡೆಯವರು ಸೈಡ್‌ವಾಲ್ ಮೇಲೆ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತು ಹುಡುಕಬೇಕು. ಅದು ಪರೀಕ್ಷೆ ಪಾಸಾದ ಟೈರಿಗೆ ಸಿಗುವ ಗುರುತು. ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಮಾತ್ರ ಇದ್ದರೆ ಅದು ತಯಾರಕರ ಮಾತಷ್ಟೇ.

ಎಟಿಯಲ್ಲೇ ಮತ್ತೆ ಎರಡು ಕಟ್ಟು ಬರುತ್ತವೆ: ಕಾರಿನ ಕಟ್ಟು, ಲೈಟ್ ಟ್ರಕ್ ಕಟ್ಟು. ಎರಡನೆಯದನ್ನು ಎಲ್‌ಟಿ ಅಂತ ಗುರುತು ಮಾಡಿರುತ್ತಾರೆ. ಅದರ ಪದರ ದಪ್ಪ, ಕಲ್ಲಿಗೆ ತಡೆದುಕೊಳ್ಳುತ್ತದೆ. ಆದರೆ ಅಷ್ಟೇ ಭಾರ ಹೊರಲು ಅದಕ್ಕೆ ಗಾಳಿ ಜಾಸ್ತಿ ಬೇಕು. ಹಳೇ ಟೈರಿಗೆ ಹಾಕುತ್ತಿದ್ದ ಗಾಳಿಯನ್ನೇ ಇದಕ್ಕೂ ಹಾಕಿ ಹೆದ್ದಾರಿಗೆ ಹೋಗಬಾರದು. ಯಾವ ಟೈರೇ ಆದರೂ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಅಂಕಿ) ಗಾಡಿಯ ಬಾಗಿಲ ಬಳಿಯ ಚೀಟಿಯಲ್ಲಿ ಇರುವುದಕ್ಕಿಂತ ಕಡಿಮೆ ಇರಬಾರದು.

ಬಳಸಿದ ಟೈರ್ ಕೊಳ್ಳುವವರು, ಸ್ಟೆಪ್ನಿ ಮರೆತವರು ಇಬ್ಬರೂ ಸೈಡ್‌ವಾಲ್ ಮೇಲಿನ ಕೊನೆಯ ನಾಲ್ಕು ಅಂಕಿ ಓದಲಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ತುಂಬಾ ಹಳೇ ಟೈರಾದರೆ ಗಟ್ಟೆ ಹೊಸದರಂತೆ ಇದ್ದರೂ ರಬ್ಬರ್ ಒಳಗೇ ಗಡುಸಾಗಿ ಬಿರುಕು ಬಿಟ್ಟಿರಬಹುದು. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಇರಬೇಕು. ಅಳತೆ ಬೇರೆಯಾದರೆ ಫೋರ್ ವೀಲ್ ಹಾಕಿದ ಕೂಡಲೇ ಡಿಫರೆನ್ಷಿಯಲ್ ಮೇಲೆ ಒತ್ತಡ ಬೀಳುತ್ತದೆ.

ಗಾಳಿ ಇಳಿಸುವುದು, ಮತ್ತೆ ತುಂಬುವುದು

ಹೊಸ ಟೈರಿಗೆ ದುಡ್ಡಿಲ್ಲದಿದ್ದರೂ ಇದನ್ನು ಮಾಡಬಹುದು, ಮತ್ತು ಇದರಷ್ಟು ಫಲ ಕೊಡುವ ಬೇರೆ ಕೆಲಸ ಇಲ್ಲ. ಮರಳಿನ ಮೇಲೆ ಗಾಡಿ ನಿಲ್ಲಿಸಿ ಟೈರಿನ ಅಚ್ಚು ನೋಡಿ. 35 ಪಿಎಸ್‌ಐನಿಂದ ಇಳಿಸುತ್ತಾ ಬಂದಂತೆ ಅಚ್ಚು ಅಗಲವಾಗುವುದು ಸ್ವಲ್ಪವೇ, ಉದ್ದವಾಗುವುದೇ ಜಾಸ್ತಿ. ಟೈರ್ ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಭಾರ ಹರಡುತ್ತದೆ, ಮರಳು ಒಡೆಯದೆ ಹೊರುತ್ತದೆ. ಬಂಡೆಯ ಮೇಲಾದರೆ ರಬ್ಬರ್ ಉಬ್ಬುತಗ್ಗಿಗೆ ಒಗ್ಗಿ ಹಿಡಿದುಕೊಳ್ಳುತ್ತದೆ.

ಮಧ್ಯಮ ಗಾತ್ರದ ಗಾಡಿಗೆ ಶುರು ಮಾಡಲು ಇಷ್ಟು ಸಾಕು: ಜಲ್ಲಿ ದಾರಿಗೆ 26–28 ಪಿಎಸ್‌ಐ, ಕೆಸರು ಮತ್ತು ಬಂಡೆಗೆ 20–25, ಮೆತ್ತನೆ ಮರಳಿಗೆ 15–18. ಭಾರ ಜಾಸ್ತಿ ಇದ್ದರೆ ಸ್ವಲ್ಪ ಮೇಲೆ, ಹಗುರ ಗಾಡಿಗೆ ಸ್ವಲ್ಪ ಕೆಳಗೆ. ಕಡಿಮೆ ಗಾಳಿಯಲ್ಲಿ ಜೋರು ಓಡಿಸಬಾರದು, ಚಕ್ಕನೆ ತಿರುಗಿಸಬಾರದು. 15ರ ಆಸುಪಾಸಿನಲ್ಲಿ ಜೋರು ತಿರುವು ತೆಗೆದುಕೊಂಡರೆ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಬಂಡೆ ದಾರಿಯಲ್ಲಿ ಇನ್ನೊಂದು ವಿಷಯ ನೆನಪಿಡಿ: ಗಾಳಿ ಇಳಿದಾಗ ಸೈಡ್‌ವಾಲ್ ಹೊರಗೆ ಉಬ್ಬುತ್ತದೆ, ಕಲ್ಲಿಗೆ ಸಿಗುವುದೇ ಅದು. ಚೂಪು ಕಲ್ಲಿರುವ ಕಡೆ ತೀರಾ ಇಳಿಸದೆ ನಿಧಾನ ಹೋಗುವುದು ಮೇಲು.

ಗಾಳಿ ಇಳಿಸಿದ ಮೇಲೆ ತುಂಬಲೇಬೇಕು. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಕಾರಿನ ಟೈರಿಗೆ ಸರಿ. ನಾಲ್ಕು ದೊಡ್ಡ ಟೈರ್ ತುಂಬುವಷ್ಟರಲ್ಲಿ ಅದು ಬಿಸಿಯಾಗಿ ನಿಲ್ಲುತ್ತದೆ, ಇಲ್ಲಾ ಫ್ಯೂಸ್ ಹೋಗುತ್ತದೆ. ಬ್ಯಾಟರಿಗೆ ನೇರ ಕಚ್ಚಿಸುವ 12 ವೋಲ್ಟ್ ಕಂಪ್ರೆಸರ್ ಕೊಳ್ಳಿ. ಡಬ್ಬದ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರುವುದು ಎದುರು ಒತ್ತಡ ಇಲ್ಲದಾಗಿನ ಲೆಕ್ಕ. ಟೈರಿನೊಳಗಿನ ಒತ್ತಡದ ಎದುರು ಅದು ಇಳಿಯುತ್ತದೆ. ಬೇಕಾದ ಇನ್ನೊಂದು ಸಂಖ್ಯೆ ಡ್ಯೂಟಿ ಸೈಕಲ್, ಅಂದರೆ ವಿರಾಮ ಕೊಡದೆ ಎಷ್ಟು ಹೊತ್ತು ಓಡಬಲ್ಲದು ಅನ್ನುವುದು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕಂಪ್ರೆಸರ್‌ಗಿಂತ ತುಂಬಾ ಬೇಗ ತುಂಬುತ್ತದೆ, ಆದರೆ ಖಾಲಿಯಾದರೆ ಕಥೆ ಮುಗಿಯಿತು. ದೂರ ಹೋಗುವವರಿಗೆ ಕಂಪ್ರೆಸರ್ರೇ ಸರಿ.

ಎಳೆಯುವ ಕೊಂಡಿ: ಇಲ್ಲಿ ರಾಜಿ ಬೇಡ

ವಿಂಚ್, ಹಗ್ಗ ಕೊಳ್ಳುವ ಮೊದಲು ಗಾಡಿಯ ಅಡಿಗೆ ತಲೆ ಹಾಕಿ ನೋಡಿ. ಅಲ್ಲಿ ಕೊಂಡಿಯಂತೆ ಕಾಣುವುದೆಲ್ಲ ಎಳೆಯುವ ಕೊಂಡಿಯಲ್ಲ. ತೆಳು ಪಟ್ಟಿಯಲ್ಲಿ ಮಾಡಿದ ಉಂಗುರಗಳು ಗಾಡಿಯನ್ನು ಲಾರಿ, ಹಡಗಿನ ಮೇಲೆ ಸಾಗಿಸುವಾಗ ಬಿಗಿಯಲು ಇರುವಂಥವು. ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಕೊಕ್ಕೆ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋಗಲಿಕ್ಕೆ. ಇನ್ನು ಟ್ರೇಲರ್ ಸಿಕ್ಕಿಸುವ ಗುಂಡು, ಟೋ ಬಾಲ್. ಅದಕ್ಕೆ ಹಗ್ಗ ಹಾಕಿ ಜಗ್ಗಿದಾಗ ಅದರ ಕತ್ತು ಮುರಿದು, ಹಿಗ್ಗಿದ ಹಗ್ಗದ ಬಲದಲ್ಲಿ ಗುಂಡಿನಂತೆಯೇ ಹಾರಿ ಗಾಜು ಸೀಳಿ ಒಳಗೆ ಕೂತವರನ್ನು ಕೊಂದಿರುವ ಉದಾಹರಣೆಗಳಿವೆ. ಟೋ ಬಾಲ್‌ಗೆ ಎಂದೂ ರಿಕವರಿ ಹಗ್ಗ, ಅಂದರೆ ಹೂತ ಗಾಡಿ ಎಳೆದು ತೆಗೆಯುವ ಹಗ್ಗ, ಹಾಕಬಾರದು. ಪಕ್ಕದ ಗಾಡಿಯವರು ಹಾಕಲು ಹೊರಟರೂ ತಡೆಯಿರಿ.

ಬೇಕಾದದ್ದು ಭಾರದ ಅಂಕಿ ಕೆತ್ತಿರುವ, ಗಾಡಿಯ ಚೌಕಟ್ಟಾದ ಚಾಸಿಗೆ ತುಂಬಾ ಬಲದ ಹೈ ಟೆನ್ಸೈಲ್ ಬೋಲ್ಟ್‌ಗಳಿಂದ ಕೂರಿಸುವ, ನಿಮ್ಮ ಗಾಡಿಯ ಮಾದರಿಗೇ ಮಾಡಿದ ರಿಕವರಿ ಪಾಯಿಂಟ್. ಮುಂದೆ ಎರಡಿದ್ದರೆ ಎರಡಕ್ಕೂ ಒಂದು ಪಟ್ಟಿ ಹಾಕಿ ನಡುವಿನಿಂದ ಎಳೆದರೆ ಭಾರ ಹಂಚಿಹೋಗುತ್ತದೆ. ಹಿಂದೆ ಟ್ರೇಲರ್ ಸಿಕ್ಕಿಸುವ ಚೌಕದ ತೂತು, ಅಂದರೆ ಹಿಚ್ ರಿಸೀವರ್, ಇದ್ದರೆ ಗುಂಡನ್ನು ತೆಗೆದು ಅದರೊಳಗೆ ಕೂರುವ ರಿಕವರಿ ಹಿಚ್ ಹಾಕಿಕೊಳ್ಳಬಹುದು, ಅದು ಸುಲಭ ಮತ್ತು ಗಟ್ಟಿ ದಾರಿ.

ಹಗ್ಗವನ್ನು ಕೊಂಡಿಗೆ ಸೇರಿಸುವ ಬಳೆಗೆ ಶ್ಯಾಕಲ್ ಅನ್ನುತ್ತಾರೆ. ಅದರಲ್ಲಿ ಉಕ್ಕಿನದು, ಹಗ್ಗದಲ್ಲಿ ಹೆಣೆದದ್ದು ಅಂತ ಎರಡು ಬಗೆ. ಉಕ್ಕಿನದರಲ್ಲಿ 4.75 ಟನ್ ಅಂತ ಕೆತ್ತಿದ್ದು ಹೆಚ್ಚಿನವರ ಬಳಕೆಗೆ ಸಾಕು, ಅಂಕಿಯೇ ಇಲ್ಲದ್ದನ್ನು ಮುಟ್ಟಬೇಡಿ. ಹಗ್ಗದ್ದು, ಅಂದರೆ ಸಾಫ್ಟ್ ಶ್ಯಾಕಲ್, ಹಗುರ, ಏನಾದರೂ ಕಿತ್ತು ಬಂದರೂ ಹಾರುವ ತೂಕ ಕಡಿಮೆ. ನನ್ನ ಒಲವು ಅದರ ಕಡೆಗೇ. ಆದರೆ ಚೂಪು ಅಂಚಿನ ಕಬ್ಬಿಣದ ಪಟ್ಟಿಗೆ ಹಾಕಿದರೆ ಅದು ಕತ್ತರಿಸಿಹೋಗುತ್ತದೆ, ಅಲ್ಲಿಗೆ ಉಕ್ಕಿನದೇ ಬೇಕು. ಎರಡು ಸ್ಟ್ರಾಪ್ (ಎಳೆಯುವ ಪಟ್ಟಿ) ಸೇರಿಸಲು ನಡುವೆ ಉಕ್ಕಿನ ಶ್ಯಾಕಲ್ ಹಾಕುವುದಂತೂ ಸಲ್ಲದು. ಒಂದು ಕಡೆ ಹರಿದರೆ ಆ ಉಕ್ಕು ಇನ್ನೊಂದು ಗಾಡಿಯ ಕಡೆ ಹಾರುತ್ತದೆ.

ಹೂತ ಗಾಡಿ ತೆಗೆಯಲು: ಹಲಗೆ, ಸ್ಟ್ರಾಪ್, ವಿಂಚ್

ಗುದ್ದಲಿ ಅಥವಾ ಸಲಿಕೆ ಮತ್ತು ಒಂದು ಜೊತೆ ಟ್ರ್ಯಾಕ್ಷನ್ ಹಲಗೆ, ಅಂದರೆ ಚಕ್ರಕ್ಕೆ ಹಿಡಿತ ಕೊಡುವ ಹಲ್ಲಿನ ಪ್ಲಾಸ್ಟಿಕ್ ಹಲಗೆ. ನನ್ನ ಪ್ರಕಾರ ಮೊದಲು ಕೊಳ್ಳಬೇಕಾದ್ದು ಇವು. ಒಬ್ಬರೇ ಇದ್ದರೂ ಬಳಸಬಹುದು, ಕೊಂಡಿ ಬೇಕಿಲ್ಲ, ಇನ್ನೊಂದು ಗಾಡಿ ಬೇಕಿಲ್ಲ. ಕೆಟ್ಟರೆ ಹಲಗೆಯ ಹಲ್ಲು ಸವೆಯುತ್ತದೆ, ಅಷ್ಟೇ. ಚಕ್ರದ ಮುಂದಿನ ಮಣ್ಣು ತೆಗೆದು, ಹಲಗೆಯನ್ನು ಟೈರಿಗೆ ಒತ್ತಿ ಇಟ್ಟು, ನಿಧಾನವಾಗಿ ಹತ್ತಿಸಬೇಕು. ಚಕ್ರ ಸುಮ್ನೆ ಗಿರ್ರನೆ ತಿರುಗಿದರೆ ಆ ಬಿಸಿಗೆ ಪ್ಲಾಸ್ಟಿಕ್ ಹಲ್ಲು ಕರಗುತ್ತದೆ. ಹಲಗೆ ಹಿಂದಕ್ಕೆ ಚಿಮ್ಮಬಹುದು, ಆದ್ದರಿಂದ ಆ ಹೊತ್ತಿನಲ್ಲಿ ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಬಾರದು.

ಜೊತೆಗೆ ಇನ್ನೊಂದು ಗಾಡಿ ಇರುತ್ತದೆ ಅನ್ನುವವರಿಗೆ ಸ್ನ್ಯಾಚ್ ಸ್ಟ್ರಾಪ್ ಅಥವಾ ಕೈನೆಟಿಕ್ ಹಗ್ಗ. ಎರಡೂ ನೈಲಾನ್, ಎರಡೂ ಹಿಗ್ಗುತ್ತವೆ. ಸ್ಟ್ರಾಪ್ ಸುಮಾರು 20 ಶೇಕಡ, ಹೆಣೆದ ಹಗ್ಗ 30 ಶೇಕಡದವರೆಗೆ. ಜಾಸ್ತಿ ಹಿಗ್ಗಿದಷ್ಟೂ ಜಗ್ಗು ಮೆತ್ತಗೆ, ಚಾಸಿಗೆ ಬೀಳುವ ಹೊಡೆತ ಕಡಿಮೆ. ಹಗ್ಗ ಸವೆತವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಸ್ಟ್ರಾಪ್ ಮಡಚಿಡಲು ಕಡಿಮೆ ಜಾಗ ಸಾಕು. ಯಾವುದಾದರೂ ಸರಿ, ಅದರ ಹರಿಯುವ ಬಲ ಎರಡು ಗಾಡಿಗಳಲ್ಲಿ ಹಗುರವಾದದ್ದರ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ತೀರಾ ದಪ್ಪದ್ದು ಕೊಂಡರೆ ಹಿಗ್ಗುವುದೇ ಇಲ್ಲ, ಕೊಂಡದ್ದು ದಂಡ. ರಸ್ತೆಯಲ್ಲಿ ಎಳೆದೊಯ್ಯುವ ಪಾಲಿಯೆಸ್ಟರ್ ಟೋ ಸ್ಟ್ರಾಪ್ ನೋಡಲು ಹಾಗೇ ಇರುತ್ತದೆ, ಆದರೆ ಹಿಗ್ಗುವುದಿಲ್ಲ. ಅದರಿಂದಾಗಲಿ ಸರಪಳಿಯಿಂದಾಗಲಿ ಓಡಿಬಂದು ಜಗ್ಗಿದರೆ ಹೊಡೆತ ನೇರ ಕೊಂಡಿಗೆ. ಜಗ್ಗುವ ಮೊದಲು ಚಕ್ರದ ಸುತ್ತ ಅಗೆದು ಗಾಳಿ ಇಳಿಸಿದರೆ ಅರ್ಧ ಬಲ ಸಾಕು. ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಅದೂ ಪಕ್ಕಕ್ಕೆ ನಿಲ್ಲಬೇಕು. ಎಳೆಯುವ ನೇರದಲ್ಲಿ ಯಾರೂ ನಿಲ್ಲಬಾರದು.

ವಿಂಚ್ ಒಬ್ಬರೇ ಓಡಾಡುವವರಿಗೆ. ಅದರ ಎಳೆತ ನಿಧಾನ, ಹತೋಟಿಯಲ್ಲಿರುತ್ತದೆ, ಜಗ್ಗುವುದಕ್ಕಿಂತ ಎಷ್ಟೋ ಸಮಾಧಾನ. ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದನ್ನು ಆರಿಸಿ. ಬರೆದಿರುವ ಬಲ ಡ್ರಮ್ಮಿನ ಮೊದಲ ಸುತ್ತಿನ ಪದರದಲ್ಲಿ ಮಾತ್ರ ಸಿಗುತ್ತದೆ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಂಡಂತೆ ಬಲ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಹಗ್ಗ ಕಟ್ಟಲು ಹತ್ತಿರದ ಮರಕ್ಕಿಂತ ದೂರದ ಮರ ಒಳ್ಳೆಯದು. ಮರಕ್ಕೆ ಒಂದು ರಾಟೆ ಹಾಕಿ ಹಗ್ಗವನ್ನು ವಾಪಸ್ ಗಾಡಿಗೇ ತಂದರೆ ಬಲ ಸುಮಾರು ಎರಡು ಪಟ್ಟು, ವೇಗ ಅರ್ಧ.

ಉಕ್ಕಿನ ತಂತಿಯಾ, ಸಿಂಥೆಟಿಕ್ ಹಗ್ಗವಾ? ನನ್ನ ಪ್ರಶ್ನೆ ಇಲ್ಲಿ ನೇರ ಉತ್ತರ ಕೊಡುತ್ತದೆ. ಉಕ್ಕು ಬಂಡೆಗೆ ಉಜ್ಜಿದರೂ ತಡೆಯುತ್ತದೆ, ಬಿಸಿಲಿಗೆ ಕೆಡುವುದಿಲ್ಲ. ಆದರೆ ಹರಿದಾಗ ಅದರ ತೂಕವೇ ಅಪಾಯ, ಮತ್ತು ಮುರಿದ ಎಳೆಗಳು ಕೈಗೆ ಚುಚ್ಚುತ್ತವೆ. ಸಿಂಥೆಟಿಕ್ ಹಗುರ, ಹರಿದರೂ ಅಷ್ಟು ಬಡಿಯುವುದಿಲ್ಲ, ನೀರಿನಲ್ಲಿ ತೇಲುತ್ತದೆ, ದಾರಿಯಲ್ಲೇ ಹೆಣೆದು ಸೇರಿಸಬಹುದು. ಬಿಸಿಲು, ಮರಳಿನ ಕಣ, ಚೂಪು ಅಂಚು ಅದರ ಶತ್ರುಗಳು. ಮುಚ್ಚಿಡಬೇಕು, ತೊಳೆಯಬೇಕು. ಆ ಆರೈಕೆ ಮಾಡುವವರಾದರೆ ಸಿಂಥೆಟಿಕ್. ಉಕ್ಕಿನಿಂದ ಅದಕ್ಕೆ ಬದಲಾಯಿಸುವಾಗ ಹಗ್ಗ ಹಾಯುವ ಹಳೇ ರೋಲರ್‌ನಲ್ಲಿ ತಂತಿ ಕೊರೆದ ಗೀರುಗಳಿದ್ದರೆ ಅದನ್ನೂ ಬದಲಾಯಿಸಿ.

ಒಂದು ಮಾತು. ಮುಂಬಂಪರಿನ ವಿಂಚ್ ಮುಂದಕ್ಕೆ ಮಾತ್ರ ಎಳೆಯುತ್ತದೆ. ಹೂತಾಗ ಎಷ್ಟೋ ಸಲ ಬೇಕಾಗುವುದು ಬಂದ ದಾರಿಗೆ ಹಿಂದಕ್ಕೆ ಹೋಗುವುದು. ಕೈಯಿಂದ ಎಳೆಯುವ ಲಿವರ್ ವಿಂಚ್ ನಿಧಾನ, ಬೆವರು ಹರಿಸಬೇಕು, ಆದರೆ ಯಾವ ದಿಕ್ಕಿಗಾದರೂ ಎಳೆಯುತ್ತದೆ ಮತ್ತು ಬ್ಯಾಟರಿ ಸತ್ತರೂ ಕೆಲಸ ಮಾಡುತ್ತದೆ. ಇದರ ಹೆಸರನ್ನು ಜನ ಮರೆತೇಬಿಟ್ಟಿದ್ದಾರೆ ಅನ್ನುವುದು ನನಗೆ ಬೇಸರದ ವಿಷಯ.

ಎತ್ತರ ಮಾಡಿಸುವುದಾ, ಅಡಿಗೆ ಕಾಪು ಹಾಕಿಸುವುದಾ

50 ಮಿಲಿಮೀಟರ್ ಲಿಫ್ಟ್ ಹಾಕಿಸಿದರೆ ಮುಂದಿನ, ಹಿಂದಿನ ಮತ್ತು ಹೊಟ್ಟೆಯ ಕೋನಗಳು, ಅಂದರೆ ಗಾಡಿಯ ಅಡಿ ನೆಲಕ್ಕೆ ತಾಗದೆ ಏರಿಳಿಯಬಲ್ಲ ಕೋನಗಳು, ಹೆಚ್ಚುತ್ತವೆ. ಗಾಡಿ ಗುಡ್ಡದ ನೆತ್ತಿಯಲ್ಲಿ ಹೊಟ್ಟೆ ತಾಗಿಸಿ ಕೂರುವುದು ತಪ್ಪುತ್ತದೆ. ಆದರೆ ಎಡಬಲದ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಸೇರಿಸುವ ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಡಿಫರೆನ್ಷಿಯಲ್ ಇರುವುದು ಆಕ್ಸಲ್ಲಿನಲ್ಲೇ. ಲಿಫ್ಟ್ ಎಷ್ಟು ಹಾಕಿಸಿದರೂ ಅದರ ಕೆಳಗಿನ ಜಾಗ ಒಂದು ಕೂದಲೂ ಹೆಚ್ಚುವುದಿಲ್ಲ. ಅದನ್ನು ಹೆಚ್ಚಿಸುವುದು ದೊಡ್ಡ ಟೈರ್ ಮಾತ್ರ, ಅದೂ ವ್ಯಾಸ 50 ಮಿಲಿಮೀಟರ್ ಬೆಳೆದರೆ ಸಿಗುವುದು 25. ಒಂದೊಂದು ಚಕ್ರವೂ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಇರುವ ಕಡೆ ಡಿಫ್ (ಡಿಫರೆನ್ಷಿಯಲ್) ಏರುತ್ತದೆ ನಿಜ, ಆದರೆ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲುಗಳಾದ ಸಿವಿ ಜಾಯಿಂಟುಗಳು ಜಾಸ್ತಿ ಬಾಗಿ ಬೇಗ ಸವೆಯುತ್ತವೆ. ಎರಡರಲ್ಲೂ ಗಾಡಿಯ ಭಾರದ ಕೇಂದ್ರ ಮೇಲೇರುತ್ತದೆ.

ಅಡಿಯ ತಗಡು, ಅಂದರೆ ಸ್ಕಿಡ್ ಪ್ಲೇಟ್, ಮತ್ತು ಬಾಗಿಲ ಕೆಳಗೆ ಚಾಸಿಗೆ ಕೂರುವ ಉಕ್ಕಿನ ದಂಡ, ಅಂದರೆ ರಾಕ್ ಸ್ಲೈಡರ್, ಕಣ್ಣಿಗೆ ಬೀಳುವುದಿಲ್ಲ, ಯಾರೂ ಹೊಗಳುವುದೂ ಇಲ್ಲ. ಆದರೆ ಕಲ್ಲಿಗೆ ಬಡಿದು ಎಂಜಿನ್ ಎಣ್ಣೆಯ ತೊಟ್ಟಿ ಒಡೆದರೆ ಅಲ್ಲಿಗೆ ಪಯಣ ನಿಂತಿತು. ಲಿಫ್ಟ್ ಇಲ್ಲದೆ ಹೋದರೆ ಬೇರೆ ದಾರಿ ಹಿಡಿಯಬಹುದು. ಹಾಗಾಗಿ ಕಲ್ಲು ದಾರಿಯವರು ಮೊದಲು ಕಾಪು, ಆಮೇಲೆ ಲಿಫ್ಟ್. ಕಾಲಿಡಲು ಇರುವ ಸೈಡ್ ಸ್ಟೆಪ್‌ಗೂ ಸ್ಲೈಡರ್‌ಗೂ ಗೊಂದಲ ಮಾಡಿಕೊಳ್ಳಬೇಡಿ. ಸ್ಟೆಪ್ ಮೇಲೆ ಗಾಡಿಯ ಭಾರ ಬಿದ್ದರೆ ಅದು ಬಾಗಿಲಿಗೇ ಮಡಚಿಕೊಳ್ಳುತ್ತದೆ.

ಲಾಕರ್, ಎಲ್‌ಎಸ್‌ಡಿ, ಟ್ರ್ಯಾಕ್ಷನ್ ಕಂಟ್ರೋಲ್

ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದಕ್ಕೆ ತಿರುಗಲು ಬಲವೇ ಬೇಡ, ಹಾಗಾಗಿ ಇನ್ನೊಂದಕ್ಕೂ ಸಿಗುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಆಚೆ ದಾಟಿಸುತ್ತದೆ. ಚಕ್ರ ಜಾರಿದ ಮೇಲಷ್ಟೇ ಅದು ಎಚ್ಚರಗೊಳ್ಳುವುದು. ಲಾಕರ್ ಜಾರುವ ಮೊದಲೇ ಎರಡೂ ಚಕ್ರವನ್ನು ಒಂದಾಗಿಸುತ್ತದೆ. ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ನಡುವಿನದು: ಒಂದೇ ಚಕ್ರ ಜಾರುವುದನ್ನು ಸ್ವಲ್ಪ ತಡೆಯುತ್ತದೆ, ಚಕ್ರ ಪೂರ್ತಿ ಗಾಳಿಗೆ ಎದ್ದಾಗ ಅಷ್ಟೇನೂ ನೆರವಾಗುವುದಿಲ್ಲ.

ಹೊಸ ಗಾಡಿಗಳ ಟ್ರ್ಯಾಕ್ಷನ್ ಕಂಟ್ರೋಲ್ ಚೆನ್ನಾಗಿದೆ, ಅದಿದ್ದರೆ ಲಾಕರ್‌ಗೆ ಆತುರ ಬೇಡ. ಹಳೇ ಗಾಡಿಯವರು ಹಿಂದಿನ ಆಕ್ಸಲ್‌ಗೆ ಬೇಕೆಂದಾಗ ಒತ್ತಿ ಹಾಕುವ ಲಾಕರ್ ಆರಿಸಲಿ. ಲಾಕ್ ಆದ ಗಾಡಿ ಅಡ್ಡ ಇಳಿಜಾರಿನಲ್ಲಿ ಎರಡೂ ಚಕ್ರ ಒಟ್ಟಿಗೆ ಜಾರಿ ಕೆಳಗೆ ಸರಿಯಬಹುದು, ಅಲ್ಲಿ ಬಿಚ್ಚುವುದು ಕೈಯಲ್ಲಿರಬೇಕು. ಮುಂದಿನದನ್ನು ಲಾಕ್ ಮಾಡಿದರೆ ಸ್ಟೀರಿಂಗ್ ಗಡುಸಾಗುತ್ತದೆ.

ನೀರು: ಸ್ನಾರ್ಕೆಲ್‌ಗಿಂತ ಮೊದಲು ಬ್ರೀದರ್

ಸ್ನಾರ್ಕೆಲ್ ಎಂಜಿನ್ನಿನ ಉಸಿರನ್ನು ಮೇಲಕ್ಕೆತ್ತುತ್ತದೆ. ನೀರು ಒಳಗೆ ಹೋದರೆ ಅದನ್ನು ಅದುಮಲಾಗದೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಮುಗಿಯಿತು. ಅದರ ಉಪಯೋಗ ನಿಜವಾದದ್ದೇ, ದೂಳಿನ ದಾರಿಯಲ್ಲೂ ಸ್ವಲ್ಪ ಶುದ್ಧ ಗಾಳಿ ಸಿಗುತ್ತದೆ. ಆದರೆ ಅದು ಗಾಡಿಯ ವೈರು, ಬಾಗಿಲು, ಡಿಫ್ ಯಾವುದನ್ನೂ ಕಾಯುವುದಿಲ್ಲ.

ಅದಕ್ಕಿಂತ ತುಂಬಾ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ಡಿಫ್ ಉಸಿರಾಡುವ ಬ್ರೀದರ್ ಕೊಳವೆ ಉದ್ದ ಮಾಡಿಸುವುದು. ಓಡಿ ಬಿಸಿಯಾದ ಡಿಫ್ ತಣ್ಣನೆ ನೀರಿಗಿಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಅದು ಎಲ್ಲಿಂದಲಾದರೂ ಉಸಿರು ಎಳೆದುಕೊಳ್ಳಬೇಕು. ಬ್ರೀದರ್ ಬಾಯಿ ನೀರಿನೊಳಗಿದ್ದರೆ ಎಳೆಯುವುದು ನೀರನ್ನೇ. ಕೊಳವೆಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಆಯಿತು. ನೀರು ದಾಟಿದ ಪ್ರವಾಸದ ನಂತರ ಡಿಫ್ ಎಣ್ಣೆ ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತಕ್ಷಣ ಬದಲಾಯಿಸಿ.

ಕಂಪನಿ ಹೇಳಿದ ಆಳವೇ ನಿಮ್ಮ ಮಿತಿ. ಫೋರ್ಡ್ ರೇಂಜರ್‌ಗೆ 800 ಮಿಲಿಮೀಟರ್, ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900 ಅಂತ ಹೇಳಿರುವುದು ನಿಂತ ಅಥವಾ ನಿಧಾನ ನೀರಿಗೆ. ರಭಸದ ನೀರಾದರೆ 60 ಸೆಂಟಿಮೀಟರ್ ಆಳವೇ ಹೆಚ್ಚಿನ ಗಾಡಿಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಅಂಥ ನೀರಿಗೆ ಇಳಿಯುವಂತೆ ಮಾಡುವ ಯಾವ ಸಾಮಾನೂ ಇಲ್ಲ. ಕಾದು ನಿಲ್ಲಿ ಅಥವಾ ವಾಪಸ್ ಹೋಗಿ.

ಜ್ಯಾಕ್ ಮತ್ತು ಸಾಮಾನು

ಹೈ ಲಿಫ್ಟ್ ಜ್ಯಾಕ್ ತುಂಬಾ ಎತ್ತರ ಎತ್ತುತ್ತದೆ. ಆದರೆ ಗಾಡಿ ಅಲುಗಿದರೆ ಮಗುಚುತ್ತದೆ, ಹಿಡಿಕೆ ಕೈ ಜಾರಿದರೆ ದವಡೆಗೆ ಬಡಿಯುತ್ತದೆ, ಅದನ್ನು ಸಿಕ್ಕಿಸಲು ಗಟ್ಟಿ ಬಂಪರ್ ಬೇರೆ ಬೇಕು. ಅಗಲ ಹಲಗೆಯ ಮೇಲೆ ಇಟ್ಟ ಬಾಟಲ್ ಜ್ಯಾಕ್ ಹೆಚ್ಚಿನವರಿಗೆ ಸಾಕು ಮತ್ತು ಸುರಕ್ಷಿತ. ಮರಳು, ಕೆಸರಿನವರಿಗೆ ಗಾಡಿಯ ಹೊಗೆಯಿಂದ ಉಬ್ಬುವ ಏರ್ ಜ್ಯಾಕ್ ಒಳ್ಳೆಯದು, ಚೂಪು ಕಲ್ಲಿನ ಮೇಲೆ ಮಾತ್ರ ಬೇಡ.

ಛಾವಣಿಯ ಮೇಲೆ ಹಗುರವಾದದ್ದು, ಗಾಡಿಯೊಳಗೆ ಕೆಳಗೆ ಭಾರವಾದದ್ದು. ಕೈಪಿಡಿಯಲ್ಲಿರುವ ಛಾವಣಿಯ ಮಿತಿಯಲ್ಲಿ ರ‍್ಯಾಕ್‌ನ ತೂಕವೂ ಸೇರಿರುತ್ತದೆ. ಒಳಗಿನ ಸಾಮಾನು ಕಟ್ಟಿರಲೇಬೇಕು. ಗಾಡಿ ಒಂದು ಸುತ್ತು ಮಗುಚಿದರೆ ಬಿಡಿಬಿಡಿಯಾಗಿರುವ ಜ್ಯಾಕ್, ನೀರಿನ ಕ್ಯಾನು ಒಳಗಿನವರ ಮೇಲೇ ಬೀಳುತ್ತವೆ. ಬೆಂಕಿ ಆರಿಸುವ ಸಿಲಿಂಡರ್ ಚಾಲಕರ ಕೈಗೆ ಸಿಗುವಲ್ಲಿರಲಿ. ಒಣ ಹುಲ್ಲಿನ ಮೇಲೆ ಓಡಿದ ದಿನ ಸೈಲೆನ್ಸರ್ ಸುತ್ತ ಸಿಕ್ಕಿಕೊಂಡ ಹುಲ್ಲನ್ನು ನಿಂತಲ್ಲೆಲ್ಲ ತೆಗೆಯಿರಿ.

ಸಹಾಯ ಕರೆಯುವುದು

ಮೊಬೈಲ್ ಸಿಗದ ಕಡೆಗೆ ಎರಡು ಸಾಧನಗಳಿವೆ. ಪಿಎಲ್‌ಬಿ ಅನ್ನುವ ಸಣ್ಣ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳ ಮೂಲಕ ರಕ್ಷಣಾ ತಂಡಗಳಿಗೆ ನಿಮ್ಮ ಜಾಗ ತಿಳಿಸುತ್ತದೆ. ತಿಂಗಳ ಶುಲ್ಕ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಇರುತ್ತದೆ, ಒತ್ತಿದರೆ ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತದೆ. ಆದರೆ ಮಾತು ಒಂದೇ ಕಡೆಗೆ. ಸ್ಯಾಟಲೈಟ್ ಮೆಸೆಂಜರ್‌ಗೆ ಶುಲ್ಕ ಕಟ್ಟಬೇಕು, ಚಾರ್ಜ್ ಮಾಡಬೇಕು, ಆದರೆ ಎರಡೂ ಕಡೆ ಸಂದೇಶ ಹೋಗುತ್ತದೆ. ಆಕ್ಸಲ್ ಮುರಿದಿದೆ, ಯಾರಿಗೂ ಪೆಟ್ಟಾಗಿಲ್ಲ, ನಾಳೆ ಬಂದರೂ ಸಾಕು ಅಂತ ತಿಳಿಸಲು ಇದರಿಂದ ಮಾತ್ರ ಸಾಧ್ಯ. ಆಫ್‌ರೋಡ್‌ನಲ್ಲಿ ಹೆಚ್ಚು ಸಲ ಆಗುವುದು ಇಂಥದ್ದೇ. ಎರಡರಲ್ಲಿ ಒಂದೇ ಅಂದರೆ ನಾನು ಮೆಸೆಂಜರ್ ಆರಿಸುತ್ತೇನೆ. ಜನವೇ ಇಲ್ಲದ ಕಡೆ ಒಂಟಿಯಾಗಿ ದಿನಗಟ್ಟಲೆ ಹೋಗುವವರು ಎರಡನ್ನೂ ಇಟ್ಟುಕೊಳ್ಳಲಿ. ಈ ಸಾಧನಗಳ ಮೇಲೆ ಕೆಲವು ದೇಶಗಳಲ್ಲಿ ನಿರ್ಬಂಧ ಇದೆ, ಗಡಿ ದಾಟುವ ಮೊದಲು ವಿಚಾರಿಸಿ. ಪಿಎಲ್‌ಬಿಯನ್ನು ಕೊಂಡ ದಿನವೇ ನಿಮ್ಮ ಹೆಸರಿಗೆ ನೋಂದಾಯಿಸಿ, ಬ್ಯಾಟರಿ ಮುಗಿಯುವ ವರ್ಷವನ್ನು ಅದರ ಮೇಲೇ ಬರೆದು ಅಂಟಿಸಿ.